ಬಿಲ್ಲಿನೊಳಗ ಒಂದು ಕೌದಿ

ಡೋಣಿ ದಾಟಿ ಕಪ್ಪತಗುಡ್ಡದ ಬಗಲಿಗೆ ಏರಿದಾಗ
ಗಾಳಿಪಂಖಗಳು ಇನ್ನೂ ನಿದ್ದಿಗಣ್ಣಾಗ ತಿರುಗತಿದ್ದವು.
ಮೊದಲು ಜೀಪು ಕಾಣಲಿಲ್ಲ. ಕಂಡದ್ದು ಅದು ಹೋದ ಗುರುತು:
ಅಡ್ಡ ಮಲಗಿದ ಬಾದಿಹುಲ್ಲು,
ಒಂದು ಕನ್ನಡಿ, ಒಂದು ಚಪ್ಪಲಿ,
ಕೆಂಪು ಮಣ್ಣಿನ ಮ್ಯಾಲ ಆಯಿಲಿನ ಕರೀ ನಾಲಗಿ.
ಆಮೇಲೆ, ಹತ್ತು ಮಾರು ಕೆಳಗ,
ಒಂದು ದಿಂಡಲ ಗಿಡಕ್ಕ ಒರಗಿ
ನಾಕೂ ಗಾಲಿ ಆಕಾಶಕ್ಕ ತೋರಿಸಿ
ಅಂಗಾತ ಬಿದ್ದ ಸಗಣಿಹುಳದಂಗ, ಅದು.

ಡ್ರೈವರ್ ಮುದಕಪ್ಪ (ಹೆಸರಷ್ಟ ಮುದುಕ, ವಯಸ್ಸು ಇಪ್ಪತ್ತಾರು)
ಹಣಿಗೆ ಪಟ್ಟಿ ಕಟ್ಟಿಕೊಂಡು ನಮ್ಮ ಕೂಡ ಬಂದಿದ್ದ.
ಕನ್ನಡಿ ಎತ್ತಿಕೊಂಡ, ಚಪ್ಪಲಿ ಎತ್ತಿಕೊಂಡ,
ಜೀಪಿನ ಕಡೆ ಮಾತ್ರ ನೋಡಲಿಲ್ಲ.
ಜಗಳಾಡಿ ತವರಿಗೆ ಹೋದಾಕಿಯ ಬಾಗಲದಾಗ
ನಿಂತವರಂಗ ನಿಂತ.

ದಾವಲಕಾಕಾ ಇಳಿದು ಹೋಗಿ ಅದರ ಹೊಟ್ಟಿ ಮ್ಯಾಲ ಕೈ ಇಟ್ಟ.
ಚಾಸಿ ತಟ್ಟಿ ಕಿವಿಗೊಟ್ಟ. ಬ್ಯಾಟರಿ ವಾಯರ್ ಬಿಚ್ಚಿದ.
"ಎಲುವು ಮುರದಿಲ್ಲ," ಅಂದ.

ಕಂಪನಿ ಸಾಹೇಬ ಮ್ಯಾಲಿಂದ ಒದರಿದ:
ಆ ಗಿಡಕ್ಕ ಕಟ್ಟರಿ ಹಗ್ಗ!
ಕಾಕಾ ಗಿಡ ನೋಡಿದ, ಸಾಹೇಬನ್ನ ನೋಡಿದ.
"ಇಡೀ ರಾತ್ರಿ ತಡದು ನಿಂತೈತ್ರಿ ಅದು.
ಮತ್ತ ಅದನ್ನ ದುಡಿಯಾಕ ಹಚ್ಚೂದು ನನ್ನ ಕೈಲಿ ಆಗೂದಿಲ್ಲ."

ವಿಂಚು ಹಾಕಿ ಜಗ್ಗಿದರ
ಜೀಪು ಏರಲಿಲ್ಲ, ನಮ್ಮ ಲಾರಿನ ಇಳಿಯಾಕ ಹತ್ತಿತು.
"ಜೀಪಿನ ಸ್ಟೆಪ್ನಿ ಬಿಚ್ಚಿಕೊಂಡು ಬಾ.
ಲಾರಿ ಹಿಂದ ತಗ್ಗು ತಗೀರಿ, ಎದಿಮಟ."

ಹಾರಿ ಕಲ್ಲಿಗೆ ತಾಗಿದಾಗೊಮ್ಮೆ ಕಿಡಿ.
ಅಂಗಿ ಕಳದು ಇಳಿದ ಮುದಕಪ್ಪ ಮ್ಯಾಲ ಬರಲೇ ಇಲ್ಲ.
ಯಾರೂ ಕೇಳಿರಲಿಲ್ಲ.
ಮಣ್ಣಿನ ಕೂಡ ಮಾತೂ ಹೊರಗ ಬಿದ್ದವು:
"ತೋಳ ಅಡ್ಡ ಬಂತು ಅಂತ ಸಾಹೇಬರಿಗೆ ಹೇಳೇನಿ, ಕಾಕಾ.
ತೋಳ ಇಲ್ಲ, ನಾಯಿ ಇಲ್ಲ.
ನಿದ್ದಿ. ಮೂರು ದಿನದ್ದು."

ಕಾಕಾ, "ಇನ್ನೊಂದು ಗೇಣು ಅಗಿ" ಅಂದ.

ಸರಪಳಿ ಬಿಗಿದು ಗಾಲಿ ಹೂತೆವು, ಕಲ್ಲು ಹೇರಿದೆವು.
ಅದರ ಗಾಲಿನ ಅದಕ್ಕ ಗೂಟ.
ಬಿಗಿದ ತಂತಿಹಗ್ಗದ ಮ್ಯಾಲ ಕಾಕಾ ಕೌದಿ ಹೊಚ್ಚಿದ.
ಹುಸೇನಬಿ ಕಾಕಿ ಹೊಲದದ್ದು: ಹಳೇ ಸೀರಿ, ಹಳೇ ಲುಂಗಿ,
ಮಗನ ಸಾಲಿ ಚಡ್ಡಿ, ಯಾವುದೋ ಲಗ್ನದ ಪರದೆ.
"ಹಗ್ಗಕ್ಕ ಥಂಡಿ ಏನು?" ಸಾಹೇಬ ನಕ್ಕ.

ವಿಂಚು ನರಳಿತು. ಜೀಪು ಮಗ್ಗಲಾತು, ಕುಂತಿತು,
ಒಳಗ ಒಡದ ಗಾಜು ಜೋಳ ಸುರಿದಂಗ ಜಾರಿತು.
ಮಾರಿಗೊಮ್ಮೆ ಹಿಂದಿನ ಗಾಲಿಗೆ ಕಲ್ಲು ಕೊಟ್ಟುಕೋತ ನಾನು,
ಏರಿಕೋತ ಅದು.
ಮುಂದಿನ ಗಾಲಿ ದಾರಿ ಹತ್ತಿದ್ದವು, ಅಷ್ಟೊತ್ತಿಗೆ ಹಗ್ಗ
ಹರೀತು.

ಕಲ್ಲು ತಡದವು. ನಾ ಕಣ್ಣು ತಗದೆ.
ಸಾಹೇಬನ ಕಡೆ ಹೊಂಟ ಹಗ್ಗದ ತುದಿ
ಕೌದಿ ಹೊತ್ತು ಭಾರಾಗಿ, ಅವನ ಬೂಟಿನ ಮುಂದ
ಮುಸುಕು ಹಾಕ್ಕೊಂಡ ಕೂಸಿನಂಗ ಬಿದ್ದಿತ್ತು.
ಒಂದು ಬೀಡಿ ಮುಗಿಯೂತನ ಯಾರೂ ಮಾತಾಡಲಿಲ್ಲ.
ಪಂಖದ ಸಪ್ಪಳ ಅಷ್ಟ.

ಎರಡನೇ ಹಗ್ಗಕ್ಕ ಸಂಜಿ ಆತು.
ಮುದಕಪ್ಪ ಸಾಹೇಬನ ಹತ್ತಿರ ಹೋಗಿ ನಿಂತ.
ಏನು ಹೇಳಿದನೋ,
ಗಾಳಿ ನಮ್ಮ ಕಡೆ ಇರಲಿಲ್ಲ.

ಮುಳಗುಂದ ನಾಕಾ ಮುಟ್ಟಿದ ಮ್ಯಾಲ ನೆನಪಾತು,
ಸ್ಟೆಪ್ನಿ ಗುಡ್ಡದಾಗ ಉಳದೈತಿ.

ಬಿಲ್ಲು ಬರದೆ: ವಿಂಚು, ಡೀಸಲ್,
ಆಳು ಮೂರು (ಮುದಕಪ್ಪನ್ನೂ ಹಿಡಿ ಅಂದ ಕಾಕಾ),
ತಂತಿಹಗ್ಗ ಒಂದು, ಕೌದಿ ಒಂದು.
ಕೌದಿಗೆ ಕೆಂಪು ಗೆರಿ ಎಳದು ಕಂಪನಿಯವರು ವಾಪಸ್ ಕಳಿಸಿದರು.

ಹರಿದ ಜಾಗಕ್ಕ ಕಾಕಿ
ಜೀಪಿನ ಸೀಟಿನ ರೆಕ್ಸಿನ್ ಹಚ್ಚಿ ಹೊಲದಾಳ.
ಆ ತುಂಡು ಅಷ್ಟ ತಣ್ಣಗ ಹತ್ತತೈತಿ ಅಂತ
ಕಾಕಾ ಅದನ್ನ ಕಾಲಕಡೆ ತಿರುವಿ ಹೊತ್ತುಕೊಂತಾನ.